ನಾಲ್ಕನೆಯ ಕಾಲಂ: ಯಾರ ಕೈ

ಗುಂಡು ಹಾರಿದ ಸದ್ದು ಎಲ್ಲರಿಗೂ ಕೇಳುತ್ತದೆ. ಆರ್ಮರರ್ ಆದವನು ಕೇಳಿಸಿಕೊಳ್ಳಬೇಕಾದದ್ದು ಅದರ ಹಿಂದೆಯೇ ಬರುವ ಸಣ್ಣ ಸದ್ದನ್ನು. ಪಿಸ್ತೂಲಿನಿಂದ ಚಿಮ್ಮಿದ ಗುಂಡಿನ ಖಾಲಿ ಹಿತ್ತಾಳೆ ಕೇಸು ಸಿಮೆಂಟ್ ನೆಲಕ್ಕೆ ಬಿದ್ದು ಟಿಣ್ ಎನ್ನುತ್ತದಲ್ಲ, ಅದನ್ನು. ಆ ಟಿಣ್ ಬಂದರೆ ಒಳಗೆ ಎಲ್ಲ ಸರಿಯಾಗಿದೆ, ಮುಂದಿನ ಗುಂಡು ನಳಿಗೆಯ ಹಿಂಬದಿಯ ಚೇಂಬರಿಗೆ ಹೋಗಿ ಕುಳಿತಿದೆ ಎಂದರ್ಥ. ಬರಲಿಲ್ಲವೋ, ಟೀ ಲೋಟ ಕೆಳಗಿಟ್ಟು ಎದ್ದು ನಿಲ್ಲಿ. ನಾನು ಕೆಲಸ ಬಿಟ್ಟು ಎರಡು ವರ್ಷವಾಯಿತು. ಈಗಲೂ ಕೆ.ಆರ್. ಪುರದ ನಮ್ಮ ಮನೆಯಲ್ಲಿ ಚಮಚ ಕೆಳಗೆ ಬಿದ್ದರೆ ಕಿವಿ ನಿಮಿರುತ್ತದೆ. ನನ್ನ ಹೆಂಡತಿಗೆ ಅದೊಂದು ತಮಾಷೆ.

ನನ್ನ ಹೆಸರು ಮುನಿರಾಜು. ಸೈನ್ಯದ ವರ್ಕ್‌ಶಾಪಿನಲ್ಲಿ ಹದಿನೇಳು ವರ್ಷ ಬಂದೂಕು ಬಿಚ್ಚಿ ಜೋಡಿಸಿದೆ. ಆಮೇಲೆ ಹಲಸೂರು ಕಡೆಯ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ ಆರ್ಮರರ್ ಆಗಿದ್ದೆ. ಆರ್ಮರರ್ ಎಂದರೆ ಪಿಸ್ತೂಲು, ರೈಫಲ್‌ಗಳನ್ನು ಒರೆಸಿ, ರಿಪೇರಿ ಮಾಡಿ, ಬೀಗ ಹಾಕಿಟ್ಟು, ಯಾವುದಕ್ಕೆ ಯಾವ ಗುಂಡು ಒಗ್ಗುತ್ತದೆಂದು ನೋಡಿಕೊಳ್ಳುವವನು. ನನ್ನ ಜಾಗಕ್ಕೆ ಈಗ ಇಬ್ಬರು ಬಂದಿದ್ದಾರೆ. ಇಬ್ಬರೂ ಡಿಪ್ಲೊಮಾ ಮಾಡಿದವರು, ನನಗಿಂತ ಬುದ್ಧಿವಂತರು. "ಸಾರ್, ನಿಮ್ಗೆ ಗೊತ್ತಿರೋದು ಒಂದ್ಕಡೆ ಬರೆದುಕೊಡಿ" ಎಂದರು. ನನಗೆ ಗೊತ್ತಿರುವುದೆಲ್ಲ ಬರೆದರೆ ನಾಲ್ಕು ಪುಟ. ಗೊತ್ತಿಲ್ಲದೆ ಮಾಡಿದ್ದನ್ನು ಬರೆದರೆ ಒಂದು ಪುಸ್ತಕವೇ ಆದೀತು. ಅದರಲ್ಲಿ ಸ್ವಲ್ಪ ಬರೆಯುತ್ತೇನೆ.

ಮೊದಲ ಎಡವಟ್ಟು ಎಣ್ಣೆಯದು. ಸೈನ್ಯದ ಅಭ್ಯಾಸದಲ್ಲಿ ನಾನು ಕ್ಲಬ್ಬಿನ ಪಿಸ್ತೂಲುಗಳ ಚೇಂಬರಿಗೂ ಧಾರಾಳವಾಗಿ ಎಣ್ಣೆ ಬಿಟ್ಟೆ. ಇವೆಲ್ಲ ಪಾಯಿಂಟ್ ಟೂ ಟೂ ಪಿಸ್ತೂಲುಗಳು. ಗುಂಡು ಕಿರುಬೆರಳಿಗಿಂತ ಸಣ್ಣದು, ತಲೆ ಸೀಸದ್ದು, ಅದರ ಮೇಲೆ ತೆಳ್ಳಗೆ ಮೇಣ ಸವರಿರುತ್ತಾರೆ. ಮೇಣ, ಎಣ್ಣೆ, ಮದ್ದಿನ ಮಸಿ ಮೂರೂ ಸೇರಿ ಸಂಜೆಯ ಹೊತ್ತಿಗೆ ಚೇಂಬರಿನೊಳಗೆ ಗಸಿ ಕಟ್ಟಿತು. ಸಾಲಾಗಿ ನಾಲ್ಕು ಪಿಸ್ತೂಲುಗಳು ನಿಂತವು. ಗುಂಡು ಅರ್ಧ ಒಳಗೆ, ಅರ್ಧ ಹೊರಗೆ.

ಆಗ ನನ್ನ ಮೇಲಿದ್ದವರು ಗಫೂರ್ ಸಾಬ್ರು. ಶಿವಾಜಿನಗರದವರು, ನನಗಿಂತ ಹದಿನೈದು ವರ್ಷ ದೊಡ್ಡವರು, ಬೈಯುವುದಕ್ಕೂ ದನಿ ಏರಿಸದ ಮನುಷ್ಯ. ಒಂದು ಬಿಳಿ ಬಟ್ಟೆಯ ಚೂರನ್ನು ಕಡ್ಡಿಗೆ ಸುತ್ತಿ, ಚೇಂಬರಿಗೆ ಹಾಕಿ ತೆಗೆದು, ನನ್ನ ಮೂಗಿನ ಹತ್ತಿರ ಹಿಡಿದರು.

"ಏನ್ ವಾಸನೆ, ಮಿಯಾ?"

"ಎಣ್ಣೆ, ಸಾಬ್."

"ಬಜ್ಜಿ ಅಂಗಡಿ ಇಡ್ತೀಯಾ, ಇಲ್ಲೇ ಇರ್ತೀಯಾ?"

ಅವತ್ತಿನಿಂದ ನಾನು ಚೇಂಬರನ್ನು ಒಣಗಿಸಿಯೇ ಬಿಡುತ್ತೇನೆ. ನೀವೂ ಹಾಗೇ ಮಾಡಿ.

ಸಾಬ್ರು ಕಲಿಸಿದ ಎರಡನೆಯ ಪಾಠ ಗುಂಡಿನ ಡಬ್ಬಿಯದು. ಅಭ್ಯಾಸದ ಗುಂಡು ಬೇರೆ, ಪಂದ್ಯಕ್ಕೆಂದು ಅಳೆದು ತೂಗಿ ಮಾಡುವ ಮ್ಯಾಚ್ ಗುಂಡು ಬೇರೆ. ಮ್ಯಾಚ್ ಗುಂಡು ಒಂದರಂತೆ ಇನ್ನೊಂದು ಹೋಗುತ್ತದೆ, ಕಾಗದದ ಮೇಲೆ ತೂತುಗಳು ಒಂದರ ಮೇಲೊಂದು ಬೀಳುತ್ತವೆ. ಹೊಸಬರೆಲ್ಲ ಇಲ್ಲಿಗೇ ನಿಲ್ಲಿಸುತ್ತಾರೆ. ಒಳ್ಳೆಯ ಗುಂಡು ಎಂದರೆ ಎಲ್ಲ ಪಿಸ್ತೂಲಿಗೂ ಒಳ್ಳೆಯದು ಎಂದುಕೊಳ್ಳುತ್ತಾರೆ. ಅದು ಶುದ್ಧ ಸುಳ್ಳು. ಒಂದೇ ಕಾರ್ಖಾನೆಯ, ಒಂದೇ ಹೆಸರಿನ ಗುಂಡು, ಈ ಲಾಟಿನದು, ಅಂದರೆ ಒಂದೇ ಸಲಕ್ಕೆ ತಯಾರಾದ ಕಂತಿನದು, ಒಂದು ಪಿಸ್ತೂಲಿನಲ್ಲಿ ಬೆಣ್ಣೆಯ ಹಾಗೆ ಹೋಗುತ್ತದೆ, ಮುಂದಿನ ಲಾಟಿನದು ಅದರಲ್ಲೇ ತಕರಾರು ಮಾಡುತ್ತದೆ. ಪಕ್ಕದ ಪಿಸ್ತೂಲಿಗೆ ಅದೇ ಸೊಗಸಾಗಿ ಒಗ್ಗುತ್ತದೆ. "ಗನ್‌ನ ಕೇಳು, ಡಬ್ಬೀನ ಕೇಳ್ಬೇಡ" ಎನ್ನುತ್ತಿದ್ದರು ಸಾಬ್ರು.

ಇಂದಿರಾನಗರದಿಂದ ಒಬ್ಬರು ಹಲ್ಲಿನ ಡಾಕ್ಟರು ಬರುತ್ತಿದ್ದರು. ಸ್ವಂತ ಪಿಸ್ತೂಲು, ವಿದೇಶದ್ದು, ನೋಡಲು ಬಲು ಚೆಂದ. ಹಲ್ಲು ಕೆರೆಯುವ ಕೊಕ್ಕೆಯಲ್ಲೇ ಅದರ ಸಂದುಗೊಂದು ಸ್ವಚ್ಛ ಮಾಡಿ ತರುತ್ತಿದ್ದರು. ಅಷ್ಟು ಚೊಕ್ಕಟ ಪಿಸ್ತೂಲು ನಾನು ಇನ್ನೊಂದು ಕಂಡಿಲ್ಲ. ಆದರೆ ಅವರ ಮೇಲುದರ್ಜೆಯ ಮ್ಯಾಚ್ ಗುಂಡನ್ನು ಅದು ಹತ್ತಕ್ಕೊಂದು ನುಂಗಲಾರದೆ ನಿಂತುಬಿಡುತ್ತಿತ್ತು.

"ಮುನಿರಾಜು, ಇದಕ್ಕಿಂತ ಬೆಸ್ಟ್ ರೌಂಡೇ ಇಲ್ಲ ರೀ. ಬಾಕ್ಸ್ ಮೇಲೇ ಬರ್ದಿದೆ ನೋಡಿ."

"ಪಿಸ್ತೂಲಿಗೆ ಓದೋಕೆ ಬರಲ್ವಲ್ಲ, ಸಾರ್!"

ಕ್ಲಬ್ಬಿನ ಅಭ್ಯಾಸದ ಗುಂಡು ಎರಡು ಡಬ್ಬಿ ಕೊಟ್ಟೆ. ಮುಖ ಸಿಂಡರಿಸಿಕೊಂಡೇ ಹಾಕಿದರು. ನೂರು ಹೊಡೆದರೂ ಒಂದೂ ನಿಲ್ಲಲಿಲ್ಲ. ಆ ಸಂಜೆಯೆಲ್ಲ ನನ್ನ ಜೊತೆ ಮಾತಾಡಲಿಲ್ಲ ಪುಣ್ಯಾತ್ಮ.

ಸಾಬ್ರ ಹತ್ತಿರ ಉದ್ದನೆಯ ಒಂದು ನೋಟ್‌ಬುಕ್ ಇತ್ತು. ಪುಟಕ್ಕೆ ನಾಲ್ಕು ಕಾಲಂ. ಯಾವ ಪಿಸ್ತೂಲು, ಯಾವ ಲಾಟು, ನೂರಕ್ಕೆ ಎಷ್ಟು ಸಲ ನಿಂತಿತು, ಕೊನೆಯದು ಯಾರ ಕೈ. ತೂತುಗಳು ಎಷ್ಟು ಹತ್ತಿರ ಬಿದ್ದವು ಎಂಬುದಕ್ಕೆ ಕಾಲಂ ಇರಲೇ ಇಲ್ಲ. ಕೇಳಿದ್ದಕ್ಕೆ, "ಅದನ್ನ ಕಾಗದ ಹೇಳತ್ತೆ. ನಿಂತಿದ್ದನ್ನ ಯಾರೂ ಹೇಳಲ್ಲ, ನಾಚ್ಕೋತಾರೆ" ಎಂದಿದ್ದರು. ನಿವೃತ್ತಿಯ ದಿನ ಆ ನೋಟ್‌ಬುಕ್ಕನ್ನು ನನ್ನ ಕೈಗೆ ಕೊಟ್ಟರು. ನನಗೆ ಕಣ್ಣಲ್ಲಿ ನೀರು ಬಂತು.

ನಾನದನ್ನು ಕೆಡಿಸಿದ್ದು ಹೀಗೆ.

ಸಾಬ್ರು ಹೋದ ಮೇಲೆ ನಮ್ಮ ಕ್ಲಬ್ಬಿನ ಸೆಕ್ರೆಟರಿ ಸಾಹೇಬರು ಒಂದು ಹೊಸ ಯಂತ್ರ ತರಿಸಿದರು. ಬೆಂಚಿಗೆ ಬೋಲ್ಟ್ ಹಾಕಿ ಕೂರಿಸಿದ, ಪಿಸ್ತೂಲನ್ನು ಅಲುಗಾಡದ ಹಾಗೆ ಕಚ್ಚಿಹಿಡಿಯುವ ವೈಸ್. ಟ್ರಿಗರನ್ನು ತಂತಿಯಿಂದ ಎಳೆದರಾಯಿತು. ಮನುಷ್ಯನ ಕೈ ನಡುಗುತ್ತದೆ, ಉಸಿರು ಅಲ್ಲಾಡಿಸುತ್ತದೆ. ವೈಸಿಗೆ ಅದೇನೂ ಇಲ್ಲ. ಗುಂಡಿನ ಗುಣವೊಂದೇ ಕಾಗದಕ್ಕೆ ಇಳಿಯುತ್ತದೆ. ನನಗೆ ಅದನ್ನು ಕಂಡು ಹುಚ್ಚೇ ಹಿಡಿಯಿತು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವುದನ್ನೂ ಮರೆತು ಒಂದೊಂದೇ ಲಾಟನ್ನು ಹೊಡೆದು ನೋಡುತ್ತಿದ್ದೆ. ನೋಟ್‌ಬುಕ್ಕಿಗೆ ತೂತುಗಳ ಅಳತೆಯ ಕಾಲಂ ಸೇರಿಸಿದೆ. 'ಯಾರ ಕೈ' ಎಂಬಲ್ಲಿ ಸಾಲಾಗಿ 'ವೈಸ್', 'ವೈಸ್', 'ವೈಸ್' ಎಂದು ಬರೆಯುತ್ತಾ ಹೋದೆ.

ಆ ವರ್ಷ ನಮ್ಮ ಕ್ಲಬ್ಬಿನ ಶೂಟಿಂಗ್ ರೇಂಜಿಗೆ ಶರಣಮ್ಮ ಬಂದಳು. ಯಾದಗಿರಿ ಕಡೆಯ ಹುಡುಗಿ, ಪೊಲೀಸ್ ಕಾನ್‌ಸ್ಟೆಬಲ್. ಅಪ್ಪ, ಅಣ್ಣ ಇಲ್ಲಿ ಗಾರೆ ಕೆಲಸ ಮಾಡುತ್ತಿದ್ದರು, ರಾಮಮೂರ್ತಿ ನಗರದಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಇಲಾಖೆಯ ಶೂಟಿಂಗ್ ತಂಡಕ್ಕೆ ಮೂವರು ಹೆಣ್ಣುಮಕ್ಕಳು ಬೇಕಿದ್ದರು. ಅದಕ್ಕೆ ಎರಡು ಟ್ರಯಲ್, ಎರಡರಲ್ಲಿ ಒಳ್ಳೆಯದನ್ನು ಲೆಕ್ಕಕ್ಕೆ ಹಿಡಿಯುತ್ತಿದ್ದರು. ಗೆದ್ದರೆ ಬೆಂಗಳೂರಿನಲ್ಲೇ ತಂಡದ ಜೊತೆ ಉಳಿಯುತ್ತಾಳೆ. ಇಲ್ಲವಾದರೆ ವಾಪಸ್ ತನ್ನ ಠಾಣೆಗೆ ಹೋಗಬೇಕು. ಅಲ್ಲಿಗೆ ಹೋದರೆ ಪಿಸ್ತೂಲು ಬೀರುವಿಗೆ, ಇವಳು ಬಂದೋಬಸ್ತಿಗೆ.

ಅವಳದು ಮೃದುವಾದ ಕೈ. ಬಲಹೀನವಲ್ಲ, ಮೃದು. ಇಟ್ಟಿಗೆ ಹೊತ್ತ ಕೈ ಅದು, ಶಕ್ತಿಗೇನೂ ಕೊರತೆ ಇರಲಿಲ್ಲ. ಆದರೆ ಪಿಸ್ತೂಲನ್ನು ಹಿಂಡದೆ, ಮಣಿಕಟ್ಟು ಸಡಿಲ ಬಿಟ್ಟು ಹಿಡಿಯುತ್ತಿದ್ದಳು. ಅವಳ ಗುಟ್ಟೇ ಅದು. ಟ್ರಿಗರ್ ಎಳೆದದ್ದು ಪಿಸ್ತೂಲಿಗೇ ಗೊತ್ತಾಗುತ್ತಿರಲಿಲ್ಲ. ಕ್ಲಬ್ಬಿನ ಏಳನೆಯ ನಂಬರ್ ಪಿಸ್ತೂಲಿನಲ್ಲಿ ಅಭ್ಯಾಸದ ಗುಂಡು ಹಾಕಿಕೊಂಡು ಹತ್ತಕ್ಕೆ ಹತ್ತು, ಅಂದರೆ ಕಾಗದದ ನಟ್ಟನಡುವಿನ ವೃತ್ತಕ್ಕೇ, ಹೊಡೆಯುತ್ತಿದ್ದಳು.

ಟ್ರಯಲ್‌ಗೆ ಒಳ್ಳೆಯ ಗುಂಡು ಕೊಡಬೇಕಲ್ಲ? ನಾನು ಏಳನೆಯ ನಂಬರನ್ನು ವೈಸಿಗೆ ಕಚ್ಚಿಸಿ ಐದು ಲಾಟು ಹೊಡೆದೆ. ಒಂದು ವಿದೇಶಿ ಮ್ಯಾಚ್ ಲಾಟಿನ ಹತ್ತು ಗುಂಡುಗಳು ಅಂಗಿಯ ಗುಂಡಿಯಷ್ಟು ಜಾಗದಲ್ಲಿ ಬಿದ್ದವು. ಆ ಕಾಗದವನ್ನು ಸೆಕ್ರೆಟರಿಗೆ ತೋರಿಸಿದೆ, ಅವರು ಬೆನ್ನು ತಟ್ಟಿದರು, ನಾನು ಉಬ್ಬಿದೆ. ಇದ್ದದ್ದೇ ನಾಲ್ಕು ಡಬ್ಬಿ. ಅದಕ್ಕೇ ಶರಣಮ್ಮನಿಗೆ, "ಇದನ್ನ ಪ್ರಾಕ್ಟೀಸ್‌ಗೆ ಮುಟ್ಬೇಡಮ್ಮ, ಪಂದ್ಯದ ದಿನಕ್ಕೇ ಇಟ್ಕೋ" ಎಂದೆ. ನಮ್ಮ ಕಸುಬಿನವರೆಲ್ಲ ಮಾಡುವ ತಪ್ಪು ಇದು. ಒಳ್ಳೆಯದನ್ನು ಎತ್ತಿಟ್ಟು, ಬೇಕಾದ ದಿನವೇ ಮೊದಲ ಸಲ ಹೊರಗೆ ತೆಗೆಯುವುದು.

ಮೊದಲ ಟ್ರಯಲ್. ನಿಧಾನವಾಗಿ ಹೊಡೆಯುವ ಮೊದಲ ಹಂತದಲ್ಲಿ ಶರಣಮ್ಮನೇ ಮುಂದೆ. ನಾನು ಹಿಂದೆ ಕುಳಿತು ಮೀಸೆ ತಿರುವುತ್ತಿದ್ದೆ. ಎರಡನೆಯ ಹಂತ ವೇಗದ್ದು. ಗುರಿಯ ಹಲಗೆ ಮೂರು ಸೆಕೆಂಡು ಮುಖ ತೋರಿಸಿ ತಿರುಗಿಕೊಳ್ಳುತ್ತದೆ. ಅಷ್ಟರಲ್ಲಿ ಕೆಳಗಿಳಿಸಿದ ಕೈಯನ್ನು ಎತ್ತಿ ಒಂದು ಗುಂಡು ಹೊಡೆಯಬೇಕು. ಹೀಗೆ ಐದು ಸಲ ಹೊಡೆದರೆ ಒಂದು ಸುತ್ತು. ಎರಡನೆಯ ಸುತ್ತಿನಲ್ಲಿ ಸದ್ದು ಬಂತು, ಟಿಣ್ ಬರಲಿಲ್ಲ.

ನಾನು ಟೀ ಲೋಟ ಕೆಳಗಿಟ್ಟೆ. ಖಾಲಿ ಕೇಸು ಹೊರಗೆ ಹಾರದೆ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಓಡುವ ಸ್ಲೈಡಿನ ಸಂದಿಯಲ್ಲಿ ನೆಟ್ಟಗೆ ಸಿಕ್ಕಿಕೊಂಡಿತ್ತು. ಹೀಗಾದಾಗ ಪಿಸ್ತೂಲನ್ನು ಮುಟ್ಟದೆ ಎಡಗೈ ಎತ್ತಬೇಕು. ರೇಂಜ್ ಆಫೀಸರ್ ಬಂದು ನೋಡಿ, ಹೊಡೆದವರ ತಪ್ಪಲ್ಲ ಎಂದರೆ ಆ ಸುತ್ತನ್ನು ಮತ್ತೆ ಹೊಡೆಯಬಹುದು. ಆದರೆ ಆ ರಿಯಾಯಿತಿ ಒಂದು ಹಂತಕ್ಕೆ ಒಂದೇ ಸಲ. ಶರಣಮ್ಮ ಕೈ ಎತ್ತಿದಳು, ರಿಯಾಯಿತಿ ಸಿಕ್ಕಿತು. ನಾಲ್ಕನೆಯ ಸುತ್ತಿನಲ್ಲಿ ಮತ್ತೆ ನಿಂತಿತು. ಐದನೆಯದರಲ್ಲಿ ಮತ್ತೆ. ಹೊಡೆಯದೆ ಉಳಿದ ಗುಂಡುಗಳಿಗೆಲ್ಲ ಸೊನ್ನೆ. ಮೂರನೆಯ ಸಲ ನಿಂತಾಗ ಅವಳು ಪಿಸ್ತೂಲನ್ನು ನೋಡಲಿಲ್ಲ, ಯಾರನ್ನೂ ನೋಡಲಿಲ್ಲ. ತನ್ನ ಬಲಗೈಯನ್ನೇ ನೋಡುತ್ತಾ ನಿಂತಳು. ಪಟ್ಟಿಯಲ್ಲಿ ಕೊನೆಯ ಹೆಸರು ಅವಳದಾಯಿತು.

ಎಲ್ಲರೂ ಹೋದ ಮೇಲೆ ನಾನು ಅದೇ ಪಿಸ್ತೂಲು, ಅದೇ ಲಾಟು ತೆಗೆದುಕೊಂಡು ವೈಸಿಗೆ ಹಾಕಿ ಐವತ್ತು ಗುಂಡು ಹೊಡೆದೆ. ಐವತ್ತು ಟಿಣ್ ಬಂದವು. ಉಸ್ಸಪ್ಪಾ ಎಂದೆ. ನಿಜ ಹೇಳುತ್ತೇನೆ, ಅವಳ ಬಗ್ಗೆ ನನಗೆ ಆಗ ಮರುಕ ಬರಲಿಲ್ಲ. ನನ್ನ ತಪ್ಪಲ್ಲವಲ್ಲ ಎಂಬ ಸಮಾಧಾನವೇ ಬಂತು. ಸೆಕ್ರೆಟರಿ ಕೇಳಿದಾಗ, "ಪಿಸ್ತೂಲೂ ಸರಿಯಾಗಿದೆ, ಗುಂಡೂ ಸರಿಯಾಗಿದೆ ಸಾರ್. ಹುಡುಗಿ ಕೈಯೇ ಸರಿಯಿಲ್ಲ" ಎಂದುಬಿಟ್ಟೆ. ಅವರು ಅದನ್ನೇ ಅವಳಿಗೆ ಹೇಳಿದರು. ಅವಳು ಮರುದಿನದಿಂದ ಪಿಸ್ತೂಲನ್ನು ಬಿಗಿಯಾಗಿ ಹಿಂಡಲು ಶುರು ಮಾಡಿದಳು. ಇದ್ದ ಗುರಿಯೂ ಹೋಯಿತು. ಎರಡು ವಾರದಲ್ಲಿ ಹತ್ತುಗಳೆಲ್ಲ ಏಳಾದವು, ಆರಾದವು. ಮುಖ ಬಾಡಿಹೋಯಿತು. ನಾನು ನೋಡಿಯೂ ನೋಡದವನ ಹಾಗೆ ಇದ್ದೆ.

ಆ ಭಾನುವಾರ ಶಿವಾಜಿನಗರಕ್ಕೆ ಹೋಗಿದ್ದೆ, ಗಫೂರ್ ಸಾಬ್ರನ್ನು ನೋಡಿಬರಲು. ಮಂಡಿ ನೋವು, ಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಚಹಾ ಬಂತು, ಸಮೋಸ ಬಂತು. ಹುಡುಗಿಯ ಕಥೆಯನ್ನೂ ನನ್ನ ವೈಸಿನ ಹೆಚ್ಚುಗಾರಿಕೆಯನ್ನೂ ಒಟ್ಟಿಗೇ ಹೇಳಿದೆ. ಸಾಬ್ರು ಚಹಾ ಆರಿಸುತ್ತಾ ಕೇಳಿದರು.

"ನಾಲ್ಕನೇ ಕಾಲಂನಾಗೆ ಏನ್ ಬರ್ದೆ?"

"ವೈಸ್ ಅಂತ, ಸಾಬ್."

"ಅಚ್ಛಾ. ಸೆಲೆಕ್ಷನ್‌ಗೆ ವೈಸ್ ಹೋಗತ್ತಾ, ಆ ಬಚ್ಚಿ ಹೋಗ್ತಾಳಾ?"

ಕೈಯಲ್ಲಿದ್ದ ಸಮೋಸವನ್ನು ತಟ್ಟೆಗೆ ವಾಪಸ್ ಇಟ್ಟೆ. ಅವರು ಮುಂದೆ ಹೇಳುವುದೇ ಬೇಕಿರಲಿಲ್ಲ, ನನಗೆ ಅಲ್ಲೇ ಅರ್ಥವಾಯಿತು. ಮ್ಯಾಚ್ ಗುಂಡಿನ ಮದ್ದು ಮೆತ್ತಗೆ ಒದೆಯುತ್ತದೆ. ಏಳನೆಯ ನಂಬರಿನ ಸ್ಪ್ರಿಂಗು ಬಿರುಸು. ಆ ಮೆತ್ತನೆಯ ಒದೆತಕ್ಕೆ ಸ್ಲೈಡು ಪೂರ್ತಿ ಹಿಂದಕ್ಕೆ ಹೋಗಬೇಕಾದರೆ ಪಿಸ್ತೂಲು ಅಲುಗಾಡದೆ ನಿಂತಿರಬೇಕು. ವೈಸಿನಲ್ಲಿ ನಿಂತಿರುತ್ತದೆ. ಸಡಿಲ ಮಣಿಕಟ್ಟಿನಲ್ಲಿ ಪಿಸ್ತೂಲೇ ಒಂದಿಷ್ಟು ಹಿಂದಕ್ಕೆ ಹೋಗುತ್ತದೆ, ಸ್ಲೈಡು ಅರ್ಧದಲ್ಲೇ ವಾಪಸ್ಸಾಗಿ ಕೇಸನ್ನು ಕಚ್ಚಿಕೊಳ್ಳುತ್ತದೆ. ನಿಧಾನದ ಹಂತದಲ್ಲಿ ಹೇಗೋ ನಡೆದುಹೋಯಿತು, ಕೈ ಎತ್ತಿ ಎತ್ತಿ ಹೊಡೆಯುವಾಗ ನಡೆಯಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷ ಗುಂಡಿನ ಜೊತೆ ಇದ್ದವನಿಗೆ ಇದು ಹೊಳೆಯಲಿಲ್ಲವೇ? ಹೊಳೆಯುತ್ತಿತ್ತು, ಹೊಳೆಯಲು ನಾನು ಬಿಡಲಿಲ್ಲ.

"ಸ್ಪ್ರಿಂಗ್ ಸ್ವಲ್ಪ ಕಟ್ ಮಾಡ್ಲಾ ಸಾಬ್?"

"ಆ ಪಿಸ್ತೂಲು ಇನ್ನೂ ಮೂರು ಜನ ಹೊಡೀತಾರೆ. ಅವರದ್ದು ಕೆಡಿಸ್ತೀಯಾ? ಗೋಲಿ ಬದಲಾಯಿಸು. ಮತ್ತೆ ಆ ಬಚ್ಚೀ ಹತ್ರ ಹೋಗಿ ಬಾಯ್ಬಿಟ್ಟು ಹೇಳು."

ಮರುದಿನ ಅವಳು ರೇಂಜಿಗೆ ಬಂದದ್ದು ಅಭ್ಯಾಸಕ್ಕಲ್ಲ, ಲಾಕರಿನ ಕೀಲಿ ವಾಪಸ್ ಕೊಡಲು. "ಸರ, ಎರಡನೇ ಟ್ರಯಲ್‌ಗೆ ನಾ ಬರಂಗಿಲ್ಲರಿ. ಠಾಣೆಗೆ ವಾಪಸ್ ಹೋಗ್ತೀನಂತ ಅರ್ಜಿ ಬರದೀನ್ರಿ" ಎಂದು ಮಡಿಸಿದ ಕಾಗದ ತೋರಿಸಿದಳು. ನಾನು ಅವಳನ್ನು ಕೂರಿಸಿ, ಅಡ್ಡ ಮಾತು ಆಡದೆ ಎಲ್ಲವನ್ನೂ ಹೇಳಿದೆ. ವೈಸಿನ ವಿಷಯ, ಸ್ಪ್ರಿಂಗಿನ ವಿಷಯ, ಸೆಕ್ರೆಟರಿಗೆ ನಾನು ಹೇಳಿದ ಮಾತು.

"ಅಂದ್ರ, ನನ್ನ ಕೈ ಸರಿ ಇಲ್ಲಂತ ಹೇಳ್ದವರು ನೀವೇನ್ರಿ?"

"ಹೌದಮ್ಮ. ನಾನೇ."

"ಹದಿನೈದು ದಿನ ಆತ್ರಿ ಸರ, ಈ ಕೈ ನೋಡ್ಕೋತ ಕುಂತೀನಿ. ಉಣ್ಣಾಕ ಕುಂತ್ರೂ ಇದೇ ಕೈ. ನಮ್ಮವ್ವ ಮೈಯಾಗ ಹುಷಾರಿಲ್ಲೇನಂತ ಕೇಳ್ತಾಳ." ಅವಳ ದನಿ ಏರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ತಪ್ಪಾಯ್ತಮ್ಮ" ಎಂದೆ. ಮಗಳ ವಯಸ್ಸಿನವಳ ಎದುರು ತಲೆ ಎತ್ತಲಾಗಲಿಲ್ಲ. "ಅರ್ಜಿ ನಾಳೆ ಕೊಟ್ಟರೂ ನಡೆಯತ್ತೆ. ಇವತ್ತು ನಂಗೋಸ್ಕರ ಇನ್ನೂರು ರೌಂಡ್ ಹೊಡೀತೀಯಾ? ಗುರಿ ನೋಡ್ಬೇಡ. ಮೊದಲಿನ ಥರ ಸಡಿಲವಾಗಿ ಹಿಡ್ಕೋ, ಸಾಕು."

ಅವಳು ಕೀಲಿಯನ್ನು ಮೇಜಿನ ಮೇಲೆ ಬಿಟ್ಟು, ಶೂಟಿಂಗ್ ಕನ್ನಡಕ ಹಾಕಿಕೊಂಡಳು. ನಾನು ಪಕ್ಕದಲ್ಲಿ ಸ್ಟೂಲಿನ ಮೇಲೆ ಕುಳಿತು ನೋಟ್‌ಬುಕ್ ತೆರೆದೆ. ವಿದೇಶಿ ಲಾಟು, ಐವತ್ತಕ್ಕೆ ಆರು ಸಲ ನಿಂತಿತು. ಇನ್ನೊಂದು ಮ್ಯಾಚ್ ಲಾಟು, ನಾಲ್ಕು ಸಲ. ಮೂರನೆಯದು ಒಂದು ಹಳೆಯ ಮ್ಯಾಚ್ ಲಾಟು, ಸ್ವಲ್ಪ ಜೋರಾಗಿ ಒದೆಯುವಂಥದ್ದು. ವೈಸಿನಲ್ಲಿ ತೂತುಗಳು ಅಗಲವಾಗಿ ಬಿದ್ದವೆಂದು ನಾನೇ ಮೂಲೆಗೆ ತಳ್ಳಿದ್ದೆ. ಅದರಲ್ಲಿ ಐವತ್ತಕ್ಕೆ ಒಂದೂ ನಿಲ್ಲಲಿಲ್ಲ. ಇನ್ನೂ ಐವತ್ತು ಹೊಡೆಸಿದೆ. ಒಂದೂ ನಿಲ್ಲಲಿಲ್ಲ. ನಾನು ಕಣ್ಣು ಮುಚ್ಚಿ ಟಿಣ್, ಟಿಣ್ ಎಂದು ಕೇಳಿಸಿಕೊಳ್ಳುತ್ತಿದ್ದೆ. ಕಣ್ಣು ಬಿಟ್ಟು ನೋಡಿದರೆ, ಗುರಿ ನೋಡಬೇಡ ಎಂದಿದ್ದರೂ ಕಾಗದದ ನಡುವೆ ಹತ್ತುಗಳೇ ಬಿದ್ದಿದ್ದವು.

ಅವಳು ಪಿಸ್ತೂಲು ಒರೆಸಿ ನನಗೆ ಕೊಟ್ಟಳು. ಲಾಕರಿನ ಕೀಲಿಯನ್ನು ಮೇಜಿನ ಮೇಲಿಂದ ಎತ್ತಿಕೊಂಡು ಹೋದಳು. ಉಳಿದ ಒಂದು ವಾರ ಅದೇ ಲಾಟಿನಲ್ಲೇ ಅಭ್ಯಾಸ ಮಾಡಿಸಿದೆ.

ಎರಡನೆಯ ಟ್ರಯಲ್. ಸೆಕ್ರೆಟರಿ ನನ್ನ ಪಕ್ಕದಲ್ಲೇ ಕುಳಿತಿದ್ದರು. ನಿಧಾನದ ಹಂತ ಮುಗಿಯಿತು, ಶರಣಮ್ಮ ನಾಲ್ಕನೆಯ ಸ್ಥಾನದಲ್ಲಿದ್ದಳು. ವೇಗದ ಹಂತದ ಮೂರು ಸುತ್ತು ಸಲೀಸಾಗಿ ಹೋದವು. ನಾಲ್ಕನೆಯ ಸುತ್ತು, ಮೂರನೆಯ ಗುಂಡು. ಚಿಕ್ ಎಂದಿತು. ಸದ್ದೂ ಇಲ್ಲ, ಟಿಣ್ಣೂ ಇಲ್ಲ.

ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದು ಅವಳು ಎಡಗೈ ಎತ್ತಿದಳು. ಆಮೇಲೆ ಕತ್ತು ಹಿಂದಕ್ಕೆ ತಿರುಗಿಸಿದಳು. ತನ್ನ ಕೈಯನ್ನು ನೋಡಲಿಲ್ಲ. ನೇರವಾಗಿ ನನ್ನನ್ನು ನೋಡಿದಳು.

"ಮತ್ತೆ ಕೈನಾ?" ಎಂದರು ಸೆಕ್ರೆಟರಿ.

ನಾನು ಎದ್ದು ನಿಂತೆ. "ಅಲ್ಲ ಸಾರ್. ಅವತ್ತೂ ಕೈಯಲ್ಲ, ಇವತ್ತೂ ಕೈಯಲ್ಲ. ಗುಂಡು ಆರಿಸಿದ್ದು ನಾನು." ಇಡೀ ರೇಂಜಿಗೆ ಕೇಳುವಷ್ಟು ಜೋರಾಗಿಯೇ ಹೇಳಿದೆ. ರೇಂಜ್ ಆಫೀಸರ್ ಪಿಸ್ತೂಲು ತೆರೆದು ಗುಂಡನ್ನು ಹೊರತೆಗೆದರು. ಪಿಸ್ತೂಲಿನ ಪಿನ್ನು ಗುಂಡಿನ ಹಿಂದಿನ ಅಂಚಿಗೆ ಚೆನ್ನಾಗಿಯೇ ಬಡಿದಿತ್ತು, ಗುಂಡೇ ಹೊತ್ತಿಕೊಂಡಿರಲಿಲ್ಲ. ಎಷ್ಟೇ ಒಳ್ಳೆಯ ಲಾಟಿನಲ್ಲೂ ಅಪರೂಪಕ್ಕೆ ಅಂಥದ್ದೊಂದು ಇರುತ್ತದೆ. ರಿಯಾಯಿತಿ ಕೊಟ್ಟರು. ಅವಳು ಭುಜ ಇಳಿಬಿಟ್ಟು, ಮಣಿಕಟ್ಟು ಸಡಿಲ ಮಾಡಿಕೊಂಡು ಆ ಸುತ್ತನ್ನು ಮತ್ತೆ ಹೊಡೆದಳು. ಐದು ಟಿಣ್. ಮುಂದಿನ ಎರಡು ಸುತ್ತೂ ಹಾಗೇ ಹೋದವು. ಎರಡು ಟ್ರಯಲ್‌ಗಳಲ್ಲಿ ಒಳ್ಳೆಯದನ್ನು ಹಿಡಿದು ತೆಗೆದ ಪಟ್ಟಿಯಲ್ಲಿ ಮೂರನೆಯ ಹೆಸರು ಅವಳದಿತ್ತು.

ಸಂಜೆ ನಾನು ಆರ್ಮರಿಯಲ್ಲಿ ನೋಟ್‌ಬುಕ್ ಬರೆಯುತ್ತಿದ್ದೆ. ಪಿಸ್ತೂಲು ಏಳು. ಲಾಟಿನ ನಂಬರು. ನಿಂತದ್ದು ಒಂದು ಸಲ. ಯಾರ ಕೈ: ಶರಣಮ್ಮ. ಪಿಸ್ತೂಲು ವಾಪಸ್ ಕೊಡಲು ಬಂದವಳು ಕಿಟಕಿಯಿಂದ ಬಗ್ಗಿ ಅದನ್ನು ಓದಿದಳು. "ಪೆನ್ನ ಕೊಡ್ರಿ ಸರ" ಎಂದು ಇಸಿದುಕೊಂಡು, ತನ್ನ ಹೆಸರಿನ ಮುಂದೆ ಎರಡೇ ಪದ ಬರೆದು, ನೋಟ್‌ಬುಕ್ಕನ್ನು ನನ್ನ ಕಡೆಗೆ ತಳ್ಳಿ, ರಾಮಮೂರ್ತಿ ನಗರದ ಬಸ್ಸು ಹಿಡಿಯಲು ಓಡಿದಳು.

'ಸರಿ ಅದ' ಎಂದು ಬರೆದಿದ್ದಳು.